ಸದ್ದು ಮಾಡದ ಮಷಿನ್ನೂ ಗುಡೇಮಾರನಹಳ್ಳಿಯ ಚಿಕ್ಕಮ್ಮನೂ

"ಇದಕ್ಕೆ ಉಸಿರೇ ಇಲ್ಲ ಕಣ್ಲಾ ಮಂಜ."

ಕಳೆದ ಭಾನುವಾರ ನಮ್ಮ ಜಯಮ್ಮ ಚಿಕ್ಕಮ್ಮ ಹೀಗೆ ತೀರ್ಪು ಕೊಟ್ಟಾಗ ನನ್ನ ತಮ್ಮನ ಮುಖ ನೀವು ನೋಡಬೇಕಿತ್ತು. ಚಿಕ್ಕಮ್ಮ ಹೇಳಿದ್ದು ಯಾವುದೋ ಬಡಕಲು ಕರುವಿನ ಬಗ್ಗೆ ಅಲ್ಲ. ಅವನು ಹೊಸದಾಗಿ ಕೊಂಡ, ಪೂಜೆಯ ಕುಂಕುಮ ಇನ್ನೂ ಮಾಸದ, ಮಣ್ಣು ಅಗೆಯುವ ಮಷಿನ್ ಬಗ್ಗೆ. (ಯಾರು ತಯಾರಿಸಿದ್ದರೂ ನಮ್ಮ ಕಡೆ ಅದನ್ನು ಕರೆಯುವುದು ಒಂದೇ ಕಂಪನಿಯ ಹೆಸರಿಂದ. ನಿಮಗೆ ಗೊತ್ತು, ನಾನು ಬರೆಯುವುದಿಲ್ಲ.)

ಮಂಜನ ಮಷಿನ್‌ಗೆ ಅದು ಮೊದಲ ಕೆಲಸ. ಗುಡೇಮಾರನಹಳ್ಳಿಯಲ್ಲಿ ಚಿಕ್ಕಮ್ಮನ ರೇಷ್ಮೆ ಹುಳುಮನೆಯ ಹಿಂದೆ ಮಳೆ ನೀರು ನಿಂತು ಗೋಡೆ ಥಂಡಿ ಹಿಡಿಯುತ್ತಿತ್ತು. ಒಂದು ಚರಂಡಿ ತೋಡಿ ನೀರು ಹೊರಗೆ ಹಾಯಿಸಬೇಕು. ಅರ್ಧ ದಿನದ ಕೆಲಸ, ಅಷ್ಟೇ.

ಅಷ್ಟೇ ಅಂದರೆ ಅಷ್ಟೇ ಅಲ್ಲ. ಅಲ್ಲಿಂದ ತಿಪ್ಪಸಂದ್ರದವರೆಗೆ ಯಾರ ಟ್ರಾಕ್ಟರು ಒಳ್ಳೆಯದು, ಯಾವ ಬಾಣಸಿಗರು ಮದುವೆಗೆ ಆಗಬಹುದು ಅಂತ ಜನ ಫೋನ್ ಮಾಡಿ ಕೇಳುವುದು ಚಿಕ್ಕಮ್ಮನನ್ನೇ. ರೇಟಿಂಗ್ ಕೊಡುವ ಆ್ಯಪ್‌ಗಳು ಬರುವುದಕ್ಕೂ ಮುಂಚೆ ನಮ್ಮಲ್ಲಿ ಚಿಕ್ಕಮ್ಮ ಇದ್ದರು. ಅವರು "ಉಸಿರಿಲ್ಲ" ಅಂದರೆ ಮಂಜನ ಮಷಿನ್ ಮನೆ ಮುಂದೆ ನಿಂತು ಬಿಸಿಲು ಕಾಯಬೇಕಾಗುತ್ತದೆ.

ಅವರ ದೂರು ಒಂದೇ. ಸದ್ದು ಸಾಲದು. ಬೇರೆಯವರ ಹಳೇ ಮಷಿನ್‌ಗಳು ಊರಿಗೆ ಬಂದರೆ ಮೂರು ಬೀದಿಗೆ ಕೇಳಿಸುತ್ತವೆ. ಇದೋ, ಬಕೆಟ್ ಮಣ್ಣಿಗೆ ಇಳಿದಾಗ ಒಸಿ ಗುರ್ ಅನ್ನುತ್ತದೆ, ಮಂಜ ಲಿವರ್ ಬಿಟ್ಟರೆ ತಣ್ಣಗಾಗಿಬಿಡುತ್ತದೆ. ಚಿಕ್ಕಮ್ಮ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು. ಪಕ್ಕದಲ್ಲಿ ಬೀದಿಯ ಅರ್ಧ ಜನ. (ಮಣ್ಣು ಅಗೆಯುವುದನ್ನು ನಿಂತು ನೋಡದೆ ಮುಂದೆ ಹೋದ ಕನ್ನಡಿಗರನ್ನು ನಾನಂತೂ ಕಂಡಿಲ್ಲ.)

"ಗಂಟೆ ಲೆಕ್ಕ ತಾನೆ, ನಿಧಾನಕ್ಕೆ ಮಾಡ್ಲಿ ಬುಡಿ" ಅಂದರು ಒಬ್ಬರು. ಉಳಿದವರು ನಕ್ಕರು.

ಮಂಜ ಕೆಳಗಿಳಿದ. ಸ್ಪ್ಯಾನರ್ ಹಿಡಿದು ಮಷಿನ್ನಿನ ಎಣ್ಣೆ ಪಂಪಿನ ಹತ್ತಿರ ಬಗ್ಗಿ ಏನೋ ಸ್ಕ್ರೂ ಬಿಗಿ ಮಾಡಿದ. ವಾಪಸ್ ಹತ್ತಿ ಇಂಜಿನ್ ಪೂರ್ತಿ ಏರಿಸಿದ. ಈಗ ಬಂತು ನೋಡಿ ಸದ್ದು. ನೋಡುತ್ತಿದ್ದವರ ಮುಖದಲ್ಲಿ ಕಳೆ ಬಂತು. ಚಿಕ್ಕಮ್ಮ ಕುರ್ಚಿಗೆ ಒರಗಿ ಕೂತರು.

ಅವನು ಮೊದಲಿನಂತೆಯೇ ಲಿವರ್ ಮುಟ್ಟಿದ. ಬಕೆಟ್ ಮೊದಲಿನಂತೆ ಹೋಗಲಿಲ್ಲ, ಎಗರಿತು. ಹುಳುಮನೆ ಪಕ್ಕದ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು, ಕಲ್ಲು ಧಡಾರನೆ ಚರಂಡಿಗೆ ಬಿತ್ತು. ನೆಲ ಅದುರಿತು.

ಎಲ್ಲರೂ ಕಲ್ಲು ನೋಡುತ್ತಿದ್ದರೆ, ಚಿಕ್ಕಮ್ಮ ಹುಳುಮನೆಯ ಬಾಗಿಲಿಗೆ ಓಡಿದರು. ನಾನೂ ಹಿಂದೆಯೇ ಓಡಿದೆ. ಒಳಗೆ ನಾಲ್ಕನೇ ಜ್ವರ ಎದ್ದ ಹುಳುಗಳು. (ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿದರೆ ಅವು ಸೊಪ್ಪು ಮೇಯುವ ಸದ್ದು ಹೊರಗಿನ ತನಕ ಕೇಳಿಸುತ್ತದೆ.) ಆಗ ಏನೂ ಕೇಳಿಸಲಿಲ್ಲ. ಹುಳುಗಳೆಲ್ಲ ತಲೆ ಎತ್ತಿ ಹಾಗೇ ನಿಂತಿದ್ದವು. ನನಗೆ ನಿಜಕ್ಕೂ ಭಯವಾಯಿತು. ಚಿಕ್ಕಮ್ಮ ಕಣ್ಣು ಮುಚ್ಚಿ ಕಿವಿಗೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಒಂದು ಮೂಲೆಯಿಂದ ಸರಸರ ಶುರುವಾಗಿ, ಮನೆಯೆಲ್ಲ ಜಿನುಗು ಮಳೆಯಂತೆ ತುಂಬಿಕೊಂಡಿತು.

ಚಿಕ್ಕಮ್ಮ ಹೊರಗೆ ಬಂದವರೇ ಕೇಳಿದರು: "ಏನ್ಲಾ ತಿರುಗಿಸ್ದೆ ಅಲ್ಲಿ?"

ಮಂಜ ಇಂಜಿನ್ ನಿಲ್ಲಿಸಿ ಪೆಚ್ಚುಮೋರೆ ಹಾಕಿಕೊಂಡು ಹೇಳಿದ. ಹಳೇ ಮಷಿನ್‌ಗಳ ಪಂಪು, ಕೆಲಸ ಇರಲಿ ಬಿಡಲಿ, ಬಕೆಟ್ ಆಡಿಸುವ ಎಣ್ಣೆಯನ್ನು ಪೂರ್ತಿ ತಳ್ಳುತ್ತಲೇ ಇರುತ್ತದೆ. ಬೇಡದ ಎಣ್ಣೆ ಸುಮ್ಮನೆ ಸುತ್ತಿ ಟ್ಯಾಂಕಿಗೆ ವಾಪಸ್. ಡೀಸೆಲ್ ದಂಡ, ಎಣ್ಣೆಯೂ ಬಿಸಿ. ಈ ಪಂಪು ಹಾಗಲ್ಲ. ಬಕೆಟ್‌ಗೆ ಎಷ್ಟು ಭಾರ ಬಿದ್ದಿದೆ ಅನ್ನುವ ಸುದ್ದಿ ಒಂದು ಸಣ್ಣ ಪೈಪಿನಲ್ಲಿ ಪಂಪಿಗೆ ಮುಟ್ಟುತ್ತದೆ. ಪಂಪು ಅದಕ್ಕಿಂತ ಒಂಚೂರು ಮಾತ್ರ ಹೆಚ್ಚು ಒತ್ತಡ ಇಟ್ಟುಕೊಂಡು, ಲಿವರ್ ಕೇಳಿದಷ್ಟೇ ಎಣ್ಣೆ ಕೊಡುತ್ತದೆ. ಕೇಳದಿದ್ದರೆ ತಾನೂ ಸುಮ್ಮನಿರುತ್ತದೆ. ಆ ಒಂಚೂರನ್ನೇ ಅವನು ಸ್ಕ್ರೂ ತಿರುಗಿಸಿ ಜಾಸ್ತಿ ಮಾಡಿದ್ದ.

ಚಿಕ್ಕಮ್ಮ ಅರ್ಧಕ್ಕೇ ತಡೆದರು. "ಅಂದ್ರೆ ಹುಳಕ್ಕೆ ಸೊಪ್ಪು ಹಾಕ್ದಂಗೆ ಅನ್ನು. ಮೇಯೋ ಸದ್ದು ಕೇಳ್ಕಂಡು ಹಾಕ್ಬೇಕು. ಸುಮ್ನೆ ಸುರುದ್ರೆ ಸೊಪ್ಪೂ ದಂಡ, ಕಾವು ಎದ್ದು ಹುಳಾನೂ ಕೆಡ್ತದೆ. ಇದ್ನ ಮೊದ್ಲೇ ಹೇಳಕ್ಕೇನಾಗಿತ್ತು?"

"ನೀನು ಉಸಿರಿಲ್ಲ ಅಂದ್ಯಲ್ಲ ಚಿಕ್ಕಮ್ಮ."

"ನಾನಂದ್ರೆ ತಿರುಗಿಸ್ಬುಡೋದಾ? ಗಾಡಿ ನಿಂದೋ ನಂದೋ?"

ಮಂಜ ಮತ್ತೆ ಸ್ಪ್ಯಾನರ್ ಕೈಗೆತ್ತಿಕೊಂಡ. ಅವನೊಬ್ಬನನ್ನೇ ಯಾಕೆ ಅನ್ನಬೇಕು? ನಾವೆಲ್ಲ ದಿನಾ ಮಾಡುವುದು ಇದನ್ನೇ ಅಲ್ಲವೇ? ಸಾಹೇಬರು ಬರುವ ಹೊತ್ತಿಗೆ ಫೈಲುಗಳನ್ನು ಟೇಬಲ್ ತುಂಬ ಹರಡುವುದು. ಫೋನಿನಲ್ಲಿ ಮೊದಲ ಮಾತೇ "ಅಯ್ಯೋ, ತುಂಬಾ ಬಿಜಿ" ಅನ್ನುವುದು. ಸಂಜೆಯೊಳಗೆ ಕೆಲಸ ಮುಗಿಸಿ ತೆಪ್ಪಗೆ ಮನೆಗೆ ಹೋಗುವ ಸಹೋದ್ಯೋಗಿಯನ್ನು ಸೋಮಾರಿ ಅಂತ ಆಡಿಕೊಳ್ಳುವುದು. ನೋಡುವವರಿಗೆ ಸದ್ದು ಬೇಕು, ಅದಕ್ಕೆ ನಾವೂ ಸ್ಕ್ರೂ ಬಿಗಿ ಮಾಡಿಕೊಂಡು ಕೂರುತ್ತೇವೆ. ಆಮೇಲೆ ಬಿಪಿ ಜಾಸ್ತಿಯಾಯಿತು ಅಂತ ಡಾಕ್ಟರ ಹತ್ತಿರ ಹೋದರೆ ಅವರು ತಾನೆ ಏನು ಮಾಡಿಯಾರು?

ಮಂಜ ಒತ್ತಡ ಅಳೆಯುವ ಗೇಜ್ ಹಾಕಿ ನೋಡಿಕೊಂಡು ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದ. ಚರಂಡಿಗೆ ಬಿದ್ದ ಒಗೆಯುವ ಕಲ್ಲನ್ನು ಬಕೆಟ್‌ನಲ್ಲೇ ಎತ್ತಿ, ತೊಟ್ಟಿಲಲ್ಲಿ ಕೂಸು ಮಲಗಿಸಿದ ಹಾಗೆ ಅದರ ಜಾಗದಲ್ಲಿ ಇಳಿಸಿದ. ಗೋಡೆಯ ಬುಡದಲ್ಲಿ ಅವನು ಮಣ್ಣು ತೆಗೆಯುತ್ತಿದ್ದಾಗಲೂ ಒಳಗಿನ ಸರಸರ ನಿಲ್ಲಲಿಲ್ಲ. ಊಟದ ಹೊತ್ತಿಗೆ ನಿಂತ ನೀರು ಚರಂಡಿಗೆ ಹರಿಯತೊಡಗಿತು.

ಚಿಕ್ಕಮ್ಮ ತಿಪ್ಪಸಂದ್ರದ ನಾದಿನಿಗೆ ಫೋನ್ ಹಚ್ಚಿದರು. ಬೀದಿಗೆಲ್ಲ ಕೇಳುವಂತೆ ಹೇಳಿದರು: "ನಮ್ ಮಂಜನ್ ಗಾಡಿ ಕರ್ಸು. ಸದ್ದು ಮಾಡಕಿಲ್ಲ, ಕೆಲಸ ಮಾಡ್ತದೆ." ನನ್ನ ತಮ್ಮ ಆಗ ನಕ್ಕ ನಗೆ ಕಂಡು ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳು ಸಾರು. ಎರಡು ಮುದ್ದೆ ಮುಗಿಸಿದ ಮಂಜ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು ಚಿಕ್ಕಮ್ಮ" ಅಂದ. ಆ ಕೈಯ ಪಕ್ಕದಲ್ಲೇ ಮೂರನೆಯದು ಬಿತ್ತು. "ಗೇಯೋ ಮೈ, ತಿನ್ನು" ಅನ್ನುತ್ತಾ ಅವರು ನನ್ನ ತಟ್ಟೆಯ ಕಡೆ ತಿರುಗಿದರು.

ಹುಳುವಿನ ಹಸಿವನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುವ ಈ ಚಿಕ್ಕಮ್ಮನಿಗೆ, ಮನುಷ್ಯರ "ಸಾಕು" ಅನ್ನುವುದನ್ನು ಯಾವ ಪೈಪಿನಲ್ಲಿ ಕಳಿಸಿದರೆ ಮುಟ್ಟುತ್ತದೆ, ನೀವೇ ಹೇಳಿ?