ಬರದವರ ಬಾಗಿಲಿಗೆ ಹೋಗುವ ಚಾಪೆ ಅಕ್ಕ

ಇನ್ನೂ ಬೆಳಕು ಹರಿದಿಲ್ಲ. ಪ್ರಾರ್ಥನಾ ಮಂದಿರದ ಕಬ್ಬಿಣದ ಬಾಗಿಲು ಕಿರ್ರೆನ್ನುತ್ತದೆ. ಐವತ್ತೆಂಟು ದಾಟಿದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಬರುತ್ತಾರೆ. ಮೊದಲು ಗುಡಿಸುವುದು, ಆಮೇಲೆ ಒರೆಸುವುದು, ನೆಲ ಆರಿದ ಮೇಲೆ ಚಾಪೆ ಹಾಸುವುದು. ಒಟ್ಟು ನೂರಾ ಹನ್ನೆರಡು ಚಾಪೆ. ಎಲ್ಲರ ಬಾಯಲ್ಲೂ ಇವರು 'ಚಾಪೆ ಅಕ್ಕ'. ನಿಜವಾದ ಹೆಸರು ಕೇಳಿದರೆ, "ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತು" ಎಂದು ನಗುತ್ತಾರೆ.

ಇವತ್ತು ಬುಧವಾರ. ಇಲ್ಲಿನವರು ವಾರಕ್ಕೊಮ್ಮೆ ಒಟ್ಟಾಗಿ ಉಪವಾಸವಿದ್ದು, ಒಟ್ಟಾಗಿ ಪ್ರಾರ್ಥಿಸುವ ದಿನ. ಚಾಪೆ ಅಕ್ಕನದೂ ಉಪವಾಸವೇ. ಆದರೂ ಇಲ್ಲಿಂದ ಹೋಗಿ ನಾಲ್ಕು ಮಹಡಿಯ ಕಚೇರಿಯೊಂದರ ಮೆಟ್ಟಿಲು ಒರೆಸಬೇಕು. "ಹನ್ನೊಂದು ಗಂಟೆಗೆ ಹೊಟ್ಟೆ ತಾಳ ಹಾಕುತ್ತೆ. ಅದಕ್ಕೇನು ಗೊತ್ತು, ಅದು ಯಾವ ಧರ್ಮಕ್ಕೂ ಸೇರಿಲ್ಲ!"

ಹತ್ತೊಂಬತ್ತು ವರ್ಷದ ಹಿಂದೆ ಗಾರೆ ಕೆಲಸದ ಗಂಡ ಕಟ್ಟಡದ ಮೇಲಿಂದ ಬಿದ್ದು ಹಾಸಿಗೆ ಹಿಡಿದರು. ಈಕೆ ಯಾರಿಗೂ ಹೇಳದೆ ಒಬ್ಬರೇ ಉಪವಾಸ ಶುರುಮಾಡಿದರು. ಮೂರನೇ ದಿನ ಮಂದಿರದ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಾಗ, ನೀರು ಕುಡಿಸಿದ ಗುರುಗಳು ಗದರಿದರು: "ಇಷ್ಟು ಜನ ಇದ್ದೀವಿ, ನೀನೊಬ್ಬಳೇ ಯಾಕಮ್ಮ ಹೊರ್ತೀಯ?"

ಮುಂದಿನ ಏಳು ಬುಧವಾರ ಇಡೀ ಮಂದಿರ ಅವರ ಗಂಡನಿಗಾಗಿ ಉಪವಾಸವಿತ್ತು. ಗಂಡ ಮಾತ್ರ ಎದ್ದು ನಡೆಯಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡರು. ಹಾಗಾದರೆ ಪ್ರಾರ್ಥನೆ ಫಲಿಸಲಿಲ್ಲವೇ?

ಚಾಪೆ ಅಕ್ಕ ತಡವರಿಸುವುದಿಲ್ಲ. "ಅವರು ಏಳಲಿಲ್ಲ, ನಿಜ. ಆದ್ರೆ ನಾನು ಬೀಳಲಿಲ್ಲ. ದಿನಾ ಒಬ್ಬರಲ್ಲ ಒಬ್ಬರು ಮನೆಗೆ ಬರ್ತಿದ್ರು. ಅವರ ಮಗ್ಗುಲು ಬದಲಿಸೋಕೆ ಯಾವಾಗಲೂ ನಾಲ್ಕು ಕೈ ಇರ್ತಿದ್ವು. ಜೊತೆಯಲ್ಲಿ ಹಸಿದವರು ಸುಲಭಕ್ಕೆ ಕೈಬಿಡಲ್ಲ."

ಆಗಿನಿಂದ ಅವರ ಕಣ್ಣು ಖಾಲಿ ಚಾಪೆಗಳ ಮೇಲೆ. ಯಾರ ಜಾಗ ಯಾವುದೆಂದು ಬಾಯಿಪಾಠ. ಯಾರು ಬರಲಿಲ್ಲವೋ ಅವರ ಬಾಗಿಲಿಗೆ ಇವರೇ ಹೋಗುತ್ತಾರೆ.

ಕಳೆದ ವರ್ಷ ಕಿಟಕಿ ಪಕ್ಕದ ಚಾಪೆ ಮೂರು ವಾರ ಖಾಲಿ ಬಿತ್ತು. ಅದು ದರ್ಜಿಯೊಬ್ಬನದು. ಹೆಂಡತಿಯನ್ನು ಕಳೆದುಕೊಂಡು ತಿಂಗಳಾಗಿತ್ತು. ಚಾಪೆ ಅಕ್ಕ ಅಂಗಡಿಗೆ ಹೋದರೆ, ಆತ ಹೊಲಿಗೆ ಮಷಿನ್ನಿನಿಂದ ತಲೆಯನ್ನೇ ಎತ್ತಲಿಲ್ಲ.

"ಬರಲ್ಲ ಅಕ್ಕ. ಬಾಯಿ ತೆರೆದ್ರೆ ಬೈಗುಳ ಬರುತ್ತೆ, ಪ್ರಾರ್ಥನೆ ಬರಲ್ಲ."

"ಪ್ರಾರ್ಥನೆ ಬರದಿದ್ರೆ ಬೇಡಪ್ಪ. ಸುಮ್ನೆ ಬಂದು ಕೂತ್ಕೊ. ನಿನ್ನ ಪಾಲಿಂದು ನಾವು ಹೇಳ್ತೀವಿ."

ಆತ ಮತ್ತೆ ಮಷಿನ್ ತುಳಿಯತೊಡಗಿದ. ಮುಂದಿನ ವಾರವೂ ಇವರು ಹೋದರು, ಅದರ ಮುಂದಿನ ವಾರವೂ. ನಾಲ್ಕನೇ ಸಲ ಆತ ಮಷಿನ್ನಿಗೆ ಬಟ್ಟೆ ಮುಚ್ಚಿ, ಇವರ ಹಿಂದೆಯೇ ನಡೆದು ಬಂದ. ಐದು ತಿಂಗಳು ತುಟಿ ಬಿಚ್ಚದೆ ಎಲ್ಲರ ನಡುವೆ ಕೂತ. ಯಾರೂ ಏನೂ ಕೇಳಲಿಲ್ಲ.

ಹೋದ ಬುಧವಾರ ಸಂಜೆ, ಆಸ್ಪತ್ರೆ ಸೇರಿದ ಮುದುಕರೊಬ್ಬರಿಗಾಗಿ ಯಾರು ಪ್ರಾರ್ಥಿಸುತ್ತೀರಿ ಎಂದು ಗುರುಗಳು ಕೇಳಿದಾಗ, ದರ್ಜಿ ಎದ್ದು ನಿಂತ. ತೊದಲುತ್ತಾ ಎರಡು ಮಾತು ಹೇಳಿ ಕೂತ. ಬಾಗಿಲ ಬಳಿ ಚಪ್ಪಲಿ ಜೋಡಿಸುತ್ತಿದ್ದ ಚಾಪೆ ಅಕ್ಕ ಕೈಕೆಲಸ ಬಿಟ್ಟು ಕೇಳಿಸಿಕೊಂಡರು.

"ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡೋಕೆ ನನಗೆ ಇವತ್ತಿಗೂ ಧೈರ್ಯ ಸಾಲಲ್ಲ," ಎನ್ನುತ್ತಾರೆ. "ಅಂಥವಳು ಅವನನ್ನ ಎಬ್ಬಿಸಿ ನಿಲ್ಲಿಸಿದೆ ನೋಡಿ!"