ಏಕಾಂತಯ್ಯನವರ ಎತ್ತುಗಳು

ಹೋದ ತಿಂಗಳು ತೀರಿಕೊಂಡ ನಮ್ಮ ಪಾಳ್ಯದ ಮಿಲ್ಟ್ರಿ ಏಕಾಂತಯ್ಯನವರು ಬಚ್ಚಲಿಗೆ ಹೋಗುವಾಗಲೂ ಎಡಗಾಲು ಮೊದಲಿಟ್ಟು, ಎದೆ ಸೆಟೆಸಿ ಹೋಗುತ್ತಿದ್ದ ಮನುಷ್ಯ. ಮದುವೆ ಊಟದ ಪಂಕ್ತಿ ಸೊಟ್ಟಗಿದ್ದರೆ ಎಲೆ ಮುಂದೆ ಕೂತವರನ್ನೆಲ್ಲ ಎಬ್ಬಿಸಿ, ಸಾಲು ನೆಟ್ಟಗಾದ ಮೇಲೆಯೇ ಅನ್ನ ಬಡಿಸಲು ಬಿಡುತ್ತಿದ್ದರು. ಅಷ್ಟರಲ್ಲಿ ಸಾರು ಆರಿದರೆ ಆರಲಿ. ಊರಿಗೆಲ್ಲ ಟಿಲ್ಲರ್ ಬಂದರೂ ಇವರು ಎತ್ತು ಮಾರಲಿಲ್ಲ. “ಟಿಲ್ಲರಿಗೆ ಶಿಸ್ತು ಎಲ್ಲೈತೆ ಮಾರಾಯ” ಎನ್ನುತ್ತಿದ್ದರು. ಸುಬೇದಾರ, ಹವಾಲ್ದಾರ ಎಂಬ ಆ ಜೋಡಿಗೆ ಕನ್ನಡವೇ ಬರುತ್ತಿರಲಿಲ್ಲ, ಬರುತ್ತಿದ್ದುದು ಪರೇಡಿನ ಹಿಂದಿಯಷ್ಟೇ. “ತೇಜ್ ಚಲ್” ಎಂದರೆ ಹೊರಡುತ್ತಿದ್ದವು, ಸಾಲಿನ ಕೊನೆಯಲ್ಲಿ “ಪೀಛೇ ಮುಡ್” ಎಂದರೆ ತಿರುಗುತ್ತಿದ್ದವು, “ಥಮ್” ಎಂದರೆ ಕಲ್ಲಿನಂತೆ ನಿಲ್ಲುತ್ತಿದ್ದವು. ಬದುವಿನ ಮೇಲೆ ಬುತ್ತಿ ಹಿಡಿದು ನಿಂತ ಹೆಂಡತಿ ನಂಜಮ್ಮ, “ಇದೆಂಥ ಭಾಷೆನೋ, ನಂಗೊಂದೂ ತಿಳಿಯಾಕಿಲ್ಲ” ಎಂದು ದಿನಾ ಗೊಣಗುತ್ತಿದ್ದರು. ಏಕಾಂತಯ್ಯನವರು ತೀರಿಕೊಂಡು, ಅವರ ಶಿವಗಣಾರಾಧನೆಯೂ ಮುಗಿದ ಮೇಲೆ, ಅವರ ತಮ್ಮನ ಮಗ ಸಿದ್ದು ನೇಗಿಲು ಕಟ್ಟಿ ಬಾರುಕೋಲಿನಿಂದ ತಿವಿದ. ಹೊರಟ ಎತ್ತುಗಳು ನಿಲ್ಲಲೇ ಇಲ್ಲ. “ಹೋ, ಹೋ” ಎಂದು ಅವನು ಅರಚಿದರೂ, ಹಗ್ಗ ಜಗ್ಗಿದರೂ ಕೇಳದೆ, ಅವನನ್ನೂ ಎಳೆದುಕೊಂಡು ಪಕ್ಕದವರ ಶುಂಠಿ ಹೊಲದ ಕಡೆ ನಡೆದವು. ಆಗ ಬದುವಿನ ಮೇಲಿಂದ “ಥಮ್” ಎಂಬ ಗುಡುಗು ಕೇಳಿತು. ಎತ್ತುಗಳು ನಿಂತವು, ಸಿದ್ದೂ ನಿಂತ. ಬುತ್ತಿ ಹಿಡಿದ ನಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು. “ಅವ್ರಂತೂ ಒಂದಿನಾನೂ ನನ್ ಮಾತು ಕೇಳ್ಲಿಲ್ಲ ಕಣೋ, ಇವಾದ್ರೂ ಕೇಳ್ತವೆ” ಎಂದರು. ಆಮೇಲೆ ಎದೆ ಸೆಟೆಸಿ, ಗಂಡನದೇ ಗತ್ತಿನಲ್ಲಿ, “ಪೀಛೇ ಮುಡ್” ಎಂದರು.