ಲಸ್ಕರ್ ಆದೆಪ್ಪನ ಒಣ ಪೆಟ್ಟಿಗೆ

ಗೊರೇಬಾಳದ ಹೊಲಗಳಿಗೆ ಇಪ್ಪತ್ತೆಂಟು ವರ್ಷ ಕಾಲುವೆ ನೀರು ಬಿಟ್ಟು ದಣಿದ ಲಸ್ಕರ್ ಆದೆಪ್ಪನಿಗೆ ಈಗ ಬೇಕಾದದ್ದು ಅಂಗೈಯಗಲ ಒಣ ನೆಲ, ಅದೂ ತನಗಲ್ಲ. ಒಡ್ಡಿಗೆಂದು ಮಸ್ಕಿ ಗುಡ್ಡದಿಂದ ತರಿಸಿದ ಕಲ್ಲಿನ ಲಾರಿಯಲ್ಲಿ ಬಂದ ಓತಿಕ್ಯಾತವೊಂದನ್ನು ಅವನು ಸಾಕಿಕೊಂಡಿದ್ದಾನೆ. ಹಳೆಯ ಟ್ರಂಕಿನಲ್ಲಿ ಮರಳು ಹಾಸಿ, ಬೆನ್ನು ಕಾಯಿಸಿಕೊಳ್ಳಲು ಚಪ್ಪಡಿ, ಅಡಗಲು ಒಡೆದ ಗಡಿಗೆ ಇಟ್ಟಿದ್ದಾನೆ. ಆದರೆ ಸುತ್ತೆಲ್ಲ ಭತ್ತದ ಕೆಸರು. ಮರಳು ದಿನಕ್ಕೊಮ್ಮೆ ಥಂಡಿ ಹಿಡಿಯುತ್ತದೆ, ಥಂಡಿಯಾದರೆ ಓತಿಕ್ಯಾತ ಹುಳ ಮುಟ್ಟುವುದಿಲ್ಲ. ಹಾಗಾಗಿ ಮಂಡಕ್ಕಿ ಭಟ್ಟಿಯವನಂತೆ ದಿನಾ ಮರಳು ಹುರಿಯುತ್ತಾನೆ. ಹೆಂಡತಿ ಶೇಖಮ್ಮ ರೊಟ್ಟಿ ಬಡಿದರೂ ತಪ್ಪು. "ಮೆಲ್ಲಕ ಬಡಿ ಬೇ, ಅದರ ಎದಿ ಒಡದೀತು!" ಎನ್ನುತ್ತಾನೆ. "ನನ್ನ ಬಾಣಂತನದಾಗೂ ಇಷ್ಟು ಕಾವು ಕೊಟ್ಟಿದ್ದಿಲ್ಲ ನೀ," ಎಂದು ಅವಳು ಇನ್ನಷ್ಟು ಜೋರಾಗಿ ಬಡಿಯುತ್ತಾಳೆ. ಬಿಸಿ ಮರಳು ಅದನ್ನು ಸುಟ್ಟೀತೆಂದು ಆದೆಪ್ಪ ಮೊದಲು ತನ್ನ ಅಂಗಾಲನ್ನೇ ಇಟ್ಟು ನೋಡುತ್ತಾನೆ. ನೀರಲ್ಲಿ ನೆನೆನೆನೆದು ಬೆರಳ ಸಂದಿಗಳೆಲ್ಲ ಕೊಳೆತ ಕಾಲು. ಕಾವು ನೋಡಲು ಒಂದು ಗಳಿಗೆ ಸಾಕು. ಅವನು ಮಾತ್ರ ಕಣ್ಣು ಮುಚ್ಚಿ ಕೂತೇಬಿಡುತ್ತಾನೆ. ಆಗ ಶೇಖಮ್ಮ, ಯಾರೂ ಹೇಳದೆಯೇ, ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಾಳೆ.